ಕಾರ್ಟಿಸಾಲ್ ಟೆಸ್ಟ್ ಯಾರಿಗೆ ಬೇಕು, ಯಾವಾಗ ಮಾಡಿಸಬೇಕು? ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಪರೀಕ್ಷೆಗಳ ಸಂಪೂರ್ಣ ಮಾಹಿತಿ ಇಲ್ಲಿದೆ

ಸದಾ ಸುಸ್ತು, ಕಾರಣವಿಲ್ಲದೆ ಇಳಿಯುವ ತೂಕ, ಎದ್ದು ನಿಂತರೆ ತಲೆಸುತ್ತು. ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು ಎಂದು ಟೆಸ್ಟ್ ಮಾಡಿಸಿದರೆ ಎಲ್ಲವೂ ನಾರ್ಮಲ್. ಇಂಥ ಹಂತದಲ್ಲಿ ವೈದ್ಯರು ಚೀಟಿಯಲ್ಲಿ 'ಬೆಳಗ್ಗೆ 8 ಗಂಟೆಯ ಕಾರ್ಟಿಸಾಲ್' ಎಂದು ಬರೆಯುವುದುಂಟು. ಇನ್ನೊಂದೆಡೆ, ಯಾವ ವೈದ್ಯರೂ ಹೇಳದಿದ್ದರೂ ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ 'ಸ್ಟ್ರೆಸ್ ಹಾರ್ಮೋನ್' ಎಂಬ ಹೆಸರಿನಲ್ಲಿ ಇದೇ ಪರೀಕ್ಷೆ ಸೇರಿಕೊಂಡಿರುತ್ತದೆ. ವರದಿ ಮೊಬೈಲ್‌ಗೆ ಬರುತ್ತದೆ, ಒಂದು ಸಂಖ್ಯೆ ಕೆಂಪು ಬಣ್ಣದಲ್ಲಿ ಕಾಣುತ್ತದೆ, ಮನೆಮಂದಿಗೆಲ್ಲ ಗಾಬರಿ ಶುರುವಾಗುತ್ತದೆ.

ಅಡ್ರಿನಲ್ ಗ್ರಂಥಿಯ ಪರೀಕ್ಷೆಗಳ ವಿಶೇಷವೇ ಇದು. ರಕ್ತ ತೆಗೆದ ಸಮಯ ಗೊತ್ತಿಲ್ಲದಿದ್ದರೆ, ಸೇವಿಸುತ್ತಿರುವ ಮಾತ್ರೆ ಯಾವುದು ಎಂದು ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. ಈ ಪರೀಕ್ಷೆಗಳು ಯಾವುವು, ಹೇಗೆ ಮಾಡುತ್ತಾರೆ, ವರದಿಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬ ವಿವರ ಇಲ್ಲಿದೆ.

ಅಡ್ರಿನಲ್ ಗ್ರಂಥಿ ಎಂದರೇನು?

ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ ಅಷ್ಟೆ. ಹೊರಪದರ ಮತ್ತು ಒಳತಿರುಳು ಎಂದು ಇದರಲ್ಲಿ ಎರಡು ಭಾಗಗಳಿವೆ.

ಹೊರಪದರದಲ್ಲಿ ಮುಖ್ಯವಾಗಿ ಮೂರು ಬಗೆಯ ಹಾರ್ಮೋನ್‌ಗಳು ತಯಾರಾಗುತ್ತವೆ. ರಕ್ತದೊತ್ತಡ, ಸಕ್ಕರೆ ಮಟ್ಟ ಮತ್ತು ಕಾಯಿಲೆ ಬಂದಾಗ ದೇಹ ತಡೆದುಕೊಳ್ಳುವ ಶಕ್ತಿಯನ್ನು ಕಾಯುವುದು ಕಾರ್ಟಿಸಾಲ್. ದೇಹದಲ್ಲಿ ಉಪ್ಪಿನಂಶ ಉಳಿಸಿ, ಪೊಟ್ಯಾಶಿಯಂ ಹೊರಹಾಕುವುದು ಆಲ್ಡೋಸ್ಟೆರಾನ್. ಮೂರನೆಯದು ಡಿಎಚ್‌ಇಎ ಮುಂತಾದ ಲೈಂಗಿಕ ಹಾರ್ಮೋನ್‌ಗಳ ಗುಂಪು. ಒಳತಿರುಳಿನಿಂದ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಹೊರಬರುತ್ತವೆ.

ಕಾರ್ಟಿಸಾಲ್ ಎಷ್ಟು ಬೇಕು ಎಂದು ಈ ಗ್ರಂಥಿ ತಾನಾಗಿ ತೀರ್ಮಾನಿಸುವುದಿಲ್ಲ. ಮೆದುಳಿನ ಹೈಪೋಥಲಾಮಸ್ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನ್ ಬಿಡುಗಡೆ ಮಾಡುತ್ತದೆ. ಅದು ರಕ್ತದ ಮೂಲಕ ಅಡ್ರಿನಲ್ ತಲುಪಿದಾಗ ಕಾರ್ಟಿಸಾಲ್ ತಯಾರಾಗುತ್ತದೆ. ಕಾರ್ಟಿಸಾಲ್ ಸಾಕಷ್ಟಾದ ಕೂಡಲೇ ಮೇಲಿನ ಇಬ್ಬರೂ ತಮ್ಮ ಕೆಲಸ ತಗ್ಗಿಸುತ್ತಾರೆ. ಈ ಸರಪಳಿಯ ಯಾವ ಕೊಂಡಿ ಕೈಕೊಟ್ಟಿದೆ ಎಂದು ಹುಡುಕುವುದೇ ಇಲ್ಲಿನ ಹೆಚ್ಚಿನ ಪರೀಕ್ಷೆಗಳ ಉದ್ದೇಶ.

ಯಾರಿಗೆ ಈ ಪರೀಕ್ಷೆ ಬೇಕಾಗುತ್ತದೆ?

ಕಾರ್ಟಿಸಾಲ್ ಕಡಿಮೆಯಾದಾಗ ಕಾಣುವ ಲಕ್ಷಣಗಳು ಹತ್ತಾರು ಕಾಯಿಲೆಗಳಲ್ಲಿ ಕಾಣುವಂಥವೇ. ಸುಸ್ತು, ಹಸಿವಿಲ್ಲದಿರುವುದು, ತೂಕ ಇಳಿಕೆ, ವಾಕರಿಕೆ, ಹೊಟ್ಟೆನೋವು, ಲೋ ಬಿಪಿ. ಆದರೆ ಅಡ್ರಿನಲ್ ಗ್ರಂಥಿಯೇ ಹಾಳಾಗಿದ್ದರೆ ಎರಡು ಸುಳಿವುಗಳು ಸಿಗುತ್ತವೆ. ಒಂದು, ಉಪ್ಪಿನ ಮೇಲೆ ವಿಪರೀತ ಆಸೆ. ಇನ್ನೊಂದು, ಚರ್ಮ ಕಪ್ಪಾಗುವುದು. ಅಂಗೈ ಗೆರೆ, ಬೆರಳಿನ ಗೆಣ್ಣು, ಒಸಡು, ಬಾಯಿಯ ಒಳಭಾಗ, ಹಳೆಯ ಗಾಯದ ಕಲೆಗಳಲ್ಲಿ ಈ ಕಪ್ಪು ಎದ್ದು ಕಾಣುತ್ತದೆ. ನಮ್ಮಲ್ಲಿ 'ಬಿಸಿಲಿಗೆ ಕಪ್ಪಾಗಿದ್ದಾರೆ' ಎಂದು ಸುಮ್ಮನಾಗುವ ಅಪಾಯ ಹೆಚ್ಚು. ಬಿಸಿಲು ಬೀಳದ ಬಾಯಿಯೊಳಗೂ ಕಪ್ಪು ಕಲೆ ಕಂಡರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಈ ಕಾಯಿಲೆಗೆ ಅಡಿಸನ್ಸ್ ಡಿಸೀಸ್ ಎಂದು ಹೆಸರು. ಲಂಡನ್‌ನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದರು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರಿಗೂ ಅಡ್ರಿನಲ್ ಕೊರತೆ ಇತ್ತು. ಪಾಶ್ಚಾತ್ಯ ದೇಶಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವುದು ಇದಕ್ಕೆ ಮುಖ್ಯ ಕಾರಣ. ಭಾರತದಲ್ಲಿ ಅದರ ಜತೆಗೆ ಟಿಬಿ ಇಂದಿಗೂ ದೊಡ್ಡ ಕಾರಣ. ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕಿನಿಂದಲೂ ಗ್ರಂಥಿ ಹಾಳಾದ ಪ್ರಕರಣಗಳು ಇಲ್ಲಿ ವರದಿಯಾಗಿವೆ.

ಅಡ್ರಿನಲ್ ಸರಿಯಿದ್ದು ಪಿಟ್ಯುಟರಿ ಕೆಟ್ಟರೂ ಕಾರ್ಟಿಸಾಲ್ ಕಡಿಮೆಯಾಗುತ್ತದೆ. ಪಿಟ್ಯುಟರಿ ಗಡ್ಡೆ ಮತ್ತು ಅದರ ಶಸ್ತ್ರಚಿಕಿತ್ಸೆ ಒಂದು ಕಾರಣ. ಹೆರಿಗೆ ವೇಳೆ ತೀವ್ರ ರಕ್ತಸ್ರಾವವಾಗಿ ಪಿಟ್ಯುಟರಿಗೆ ಪೆಟ್ಟು ಬೀಳುವುದು ಇನ್ನೊಂದು. ಇಂಥ ಬಾಣಂತಿಯರಲ್ಲಿ ಎದೆಹಾಲು ಬರದಿರುವುದು, ಮುಟ್ಟು ಮರಳದಿರುವುದು ಮೊದಲ ಸುಳಿವು. ಕೊಳಕುಮಂಡಲ ಹಾವಿನ ಕಡಿತದಿಂದ ಬದುಕುಳಿದ ಕೆಲವರಲ್ಲೂ ಪಿಟ್ಯುಟರಿ ಕೆಲಸ ನಿಲ್ಲಿಸಿದ ಉದಾಹರಣೆಗಳು ಭಾರತದಲ್ಲಿವೆ. ಕೆಲವರಲ್ಲಿ ಇದು ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಪಿಟ್ಯುಟರಿ ತೊಂದರೆಯಲ್ಲಿ ಎಸಿಟಿಎಚ್ ಏರುವುದಿಲ್ಲವಾದ್ದರಿಂದ ಚರ್ಮ ಕಪ್ಪಾಗುವುದಿಲ್ಲ.

ಎಲ್ಲಕ್ಕಿಂತ ಸಾಮಾನ್ಯ ಕಾರಣ: ಸ್ಟೀರಾಯ್ಡ್

ಅಡ್ರಿನಲ್ ಗ್ರಂಥಿ ಮಂಕಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಸ್ಟೀರಾಯ್ಡ್ ಔಷಧ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮುಂತಾದ ಔಷಧಗಳು ಕಾರ್ಟಿಸಾಲ್‌ನ ಕೆಲಸವನ್ನೇ ಮಾಡುತ್ತವೆ. ಹೊರಗಿನಿಂದ ಧಾರಾಳವಾಗಿ ಬರುವಾಗ ಪಿಟ್ಯುಟರಿ ಸುಮ್ಮನಾಗುತ್ತದೆ, ಅಡ್ರಿನಲ್ ಕೆಲಸ ಮರೆಯುತ್ತದೆ. ಆಸ್ತಮಾ, ಸಂಧಿವಾತ, ಲೂಪಸ್, ಚರ್ಮರೋಗ, ಕಿಡ್ನಿ ತೊಂದರೆಗೆ ವೈದ್ಯರೇ ಬರೆದುಕೊಟ್ಟ ಸ್ಟೀರಾಯ್ಡ್‌ಗೂ ಇದು ಅನ್ವಯಿಸುತ್ತದೆ. ಆ ಔಷಧ ಅವರಿಗೆ ಅಗತ್ಯ. ಅಪಾಯ ಇರುವುದು ಅದನ್ನು ಏಕಾಏಕಿ ನಿಲ್ಲಿಸುವುದರಲ್ಲಿ.

ಮೊಣಕಾಲು ನೋವಿಗೆ ಎಂದು ಕೊಡುವ ಹೆಸರಿಲ್ಲದ ಪುಡಿ, ತೂಕ ಹೆಚ್ಚಿಸುವ ಮಾತ್ರೆ, ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮ್ ಇವುಗಳಲ್ಲೂ ಸ್ಟೀರಾಯ್ಡ್ ಇರುವ ಸಾಧ್ಯತೆ ಇದೆ. ಸ್ಟೀರಾಯ್ಡ್ ಇರುವ ಹಲವು ಚರ್ಮದ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತ್ತು. ಆದರೂ ಹಳೆಯ ಚೀಟಿ ತೋರಿಸಿ, ಅಕ್ಕಪಕ್ಕದವರು ಹೇಳಿದ ಹೆಸರು ಕೇಳಿ ಖರೀದಿಸುವ ಅಭ್ಯಾಸ ನಿಂತಿಲ್ಲ. ತಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ ಎಂಬುದೇ ರೋಗಿಗೆ ತಿಳಿದಿರದಿದ್ದರೆ ಲ್ಯಾಬ್ ವರದಿ ನೋಡಿದ ವೈದ್ಯರಿಗೂ ಗೊಂದಲವಾಗುತ್ತದೆ.

ಬೆಳಗಿನ ಕಾರ್ಟಿಸಾಲ್: ಮೊದಲ ಮೆಟ್ಟಿಲು

ರಾತ್ರಿ ಮಲಗಿ ಬೆಳಗ್ಗೆ ಏಳುವವರಲ್ಲಿ ಕಾರ್ಟಿಸಾಲ್ ಏಳುವ ಹೊತ್ತಿಗೆ ಗರಿಷ್ಠ ಮಟ್ಟದಲ್ಲಿರುತ್ತದೆ. ದಿನ ಕಳೆದಂತೆ ಇಳಿಯುತ್ತ ನಡುರಾತ್ರಿ ತಳ ಮುಟ್ಟುತ್ತದೆ. ಹೀಗಾಗಿ ಕೊರತೆ ಇದೆಯೇ ಎಂದು ನೋಡಲು ಬೆಳಗ್ಗೆ 8ರಿಂದ 9 ಗಂಟೆಯೊಳಗೆ ರಕ್ತ ತೆಗೆಯುತ್ತಾರೆ. ಸಂಜೆ 5ಕ್ಕೆ ರಕ್ತ ಕೊಟ್ಟು, ಬೆಳಗಿನ ಮಿತಿಯೊಂದಿಗೆ ಹೋಲಿಸಿ 'ಕಾರ್ಟಿಸಾಲ್ ಕಡಿಮೆ' ಎಂದುಕೊಳ್ಳುವುದು ತಪ್ಪು.

ಬಹುತೇಕ ಲ್ಯಾಬ್‌ಗಳಲ್ಲಿ ಬೆಳಗಿನ ನಾರ್ಮಲ್ ಮಿತಿ ಡೆಸಿಲೀಟರ್‌ಗೆ ಸುಮಾರು 5ರಿಂದ 25 ಮೈಕ್ರೋಗ್ರಾಂ. ಕೆಲವು ಲ್ಯಾಬ್‌ಗಳು ಲೀಟರ್‌ಗೆ ಇಷ್ಟು ನ್ಯಾನೋಮೋಲ್ ಎಂದು ಬರೆಯುತ್ತವೆ. 1 ಮೈಕ್ರೋಗ್ರಾಂ ಎಂದರೆ ಸುಮಾರು 27.6 ನ್ಯಾನೋಮೋಲ್. ಹಾಗಾಗಿ ಎರಡು ಲ್ಯಾಬ್‌ಗಳ ವರದಿ ಹೋಲಿಸುವಾಗ ಮೊದಲು ನೋಡಬೇಕಾದದ್ದು ಅಳತೆಯ ಮಾನ.

ವೈದ್ಯರು ಓದುವ ರೀತಿ ಸ್ವಲ್ಪ ಬೇರೆ. ಬೆಳಗಿನ ಮಟ್ಟ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆಯ ಸಾಧ್ಯತೆ ಬಹಳ ಹೆಚ್ಚು. 15ರಿಂದ 18 ದಾಟಿದ್ದರೆ ಕೊರತೆ ಇರುವ ಸಾಧ್ಯತೆ ತೀರಾ ಕಡಿಮೆ. ನಡುವೆ ಸಿಕ್ಕಿಕೊಂಡವರೇ ಜಾಸ್ತಿ. ಅಂದರೆ ವರದಿಯಲ್ಲಿ 7 ಎಂದು ಬಂದು, ಪಕ್ಕದಲ್ಲಿ 'ನಾರ್ಮಲ್' ಎಂದು ಮುದ್ರಿಸಿದ್ದರೂ ಲಕ್ಷಣಗಳಿರುವವರಲ್ಲಿ ಅಷ್ಟಕ್ಕೇ ನಿಲ್ಲಿಸುವಂತಿಲ್ಲ. ಮುಂದಿನ ಪರೀಕ್ಷೆ ಬೇಕಾಗುತ್ತದೆ.

ನೈಟ್ ಶಿಫ್ಟ್ ಮಾಡುವವರು ಏನು ಮಾಡಬೇಕು?

ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರಿನಂಥ ನಗರಗಳಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಇದು ಮುಖ್ಯ. ಬೆಳಗ್ಗೆ 7ಕ್ಕೆ ಕೆಲಸ ಮುಗಿಸಿ, ಮನೆಗೆ ಹೋಗುವ ದಾರಿಯಲ್ಲೇ 8ಕ್ಕೆ ರಕ್ತ ಕೊಟ್ಟರೆ ಆ ಸಂಖ್ಯೆಯನ್ನು ನಂಬುವುದು ಕಷ್ಟ. ಕಾರ್ಟಿಸಾಲ್‌ನ ಏರಿಳಿತ ನಿದ್ದೆ ಮತ್ತು ಎಚ್ಚರದ ಕ್ರಮಕ್ಕೆ ಹೊಂದಿಕೊಂಡಿರುತ್ತದೆ, ಪಾಳಿ ಬದಲಾದಾಗ ಅದು ಏರುಪೇರಾಗುತ್ತದೆ. ಮಲಗುವ, ಏಳುವ ಸಮಯವನ್ನು ವೈದ್ಯರಿಗೆ ಮೊದಲೇ ಹೇಳಿದರೆ ಯಾವ ದಿನ, ಯಾವ ಹೊತ್ತಿಗೆ ರಕ್ತ ತೆಗೆಯಬೇಕು ಎಂದು ಅವರು ನಿರ್ಧರಿಸುತ್ತಾರೆ.

ಎಸಿಟಿಎಚ್ ಉತ್ತೇಜನ ಪರೀಕ್ಷೆ

ಗ್ರಂಥಿಗೆ ಕೆಲಸ ಕೊಟ್ಟು ನೋಡುವ ಪರೀಕ್ಷೆ ಇದು. ಮೊದಲು ಒಮ್ಮೆ ರಕ್ತ ತೆಗೆಯುತ್ತಾರೆ. ಬಳಿಕ ಕೃತಕ ಎಸಿಟಿಎಚ್ ಅನ್ನು 250 ಮೈಕ್ರೋಗ್ರಾಂ ಪ್ರಮಾಣದಲ್ಲಿ ಇಂಜೆಕ್ಷನ್ ಮೂಲಕ ಕೊಟ್ಟು, 30 ಮತ್ತು 60 ನಿಮಿಷಕ್ಕೆ ಮತ್ತೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ಗ್ರಂಥಿಯಾದರೆ ಕಾರ್ಟಿಸಾಲ್ 18 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಮೇಲೇರಬೇಕು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗಡಿ. ಈಗಿನ ಹೆಚ್ಚು ನಿಖರ ಯಂತ್ರಗಳಲ್ಲಿ ಈ ಗಡಿ 14ರಿಂದ 15ರ ಆಸುಪಾಸಿಗೆ ಇಳಿದಿದೆ. ಆದ್ದರಿಂದ ಲ್ಯಾಬ್ ಯಾವ ವಿಧಾನ ಬಳಸಿದೆ ಎಂಬುದರ ಮೇಲೆ ಪಾಸ್-ಫೇಲ್ ನಿರ್ಧಾರವಾಗುತ್ತದೆ.

ಸಿನ್ಯಾಕ್ಥೆನ್ ಎಂಬ ಹೆಸರಿನ ಈ ಇಂಜೆಕ್ಷನ್ ಭಾರತದಲ್ಲಿ ಎಲ್ಲೆಡೆ ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಇಲ್ಲಿನ ಹಲವು ಆಸ್ಪತ್ರೆಗಳಲ್ಲಿ ಆಕ್ಟಾನ್ ಪ್ರೊಲಾಂಗೇಟಮ್ ಎಂಬ, ನಿಧಾನವಾಗಿ ಕೆಲಸ ಮಾಡುವ ಎಸಿಟಿಎಚ್ ಇಂಜೆಕ್ಷನ್ ಬಳಸುತ್ತಾರೆ. ಭಾರತದ ವೈದ್ಯರೇ ಅಧ್ಯಯನ ನಡೆಸಿ ಈ ಬದಲಿ ವಿಧಾನವನ್ನು ಪರಿಶೀಲಿಸಿದ್ದಾರೆ.

ಒಂದು ಮಿತಿ ನೆನಪಿರಲಿ. ಪಿಟ್ಯುಟರಿ ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ವಾರಗಳಲ್ಲಿ ಅಡ್ರಿನಲ್ ಇನ್ನೂ ಸೊರಗಿರುವುದಿಲ್ಲ. ಆಗ ಈ ಪರೀಕ್ಷೆ ನಾರ್ಮಲ್ ಎಂದು ತೋರಿಸಿದರೂ ನಿಜವಾಗಿ ಕೊರತೆ ಇರಬಹುದು. ಇಂಥವರಿಗೆ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿ ಕಾರ್ಟಿಸಾಲ್ ಅಳೆಯುವ ಮತ್ತೊಂದು ಪರೀಕ್ಷೆ ಇದೆ. ಅದನ್ನು ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಮಾಡಬೇಕು. ಹೃದ್ರೋಗ ಅಥವಾ ಮೂರ್ಛೆರೋಗ ಇರುವವರಿಗೆ ಮಾಡುವಂತಿಲ್ಲ.

ತೊಂದರೆ ಎಲ್ಲಿದೆ? ಎಸಿಟಿಎಚ್ ಮಟ್ಟ ಹೇಳುತ್ತದೆ

ಕೊರತೆ ಖಚಿತವಾದ ಮೇಲೆ ರಕ್ತದಲ್ಲಿನ ಎಸಿಟಿಎಚ್ ನೋಡುತ್ತಾರೆ. ಕಾರ್ಟಿಸಾಲ್ ಕಡಿಮೆ, ಎಸಿಟಿಎಚ್ ಬಹಳ ಜಾಸ್ತಿ ಇದ್ದರೆ ದೋಷ ಅಡ್ರಿನಲ್‌ನಲ್ಲಿ. ಪಿಟ್ಯುಟರಿ ಕೂಗುತ್ತಿದೆ, ಅಡ್ರಿನಲ್‌ಗೆ ಕೇಳುತ್ತಿಲ್ಲ ಎಂದರ್ಥ. ಕಾರ್ಟಿಸಾಲ್ ಕಡಿಮೆಯಿದ್ದೂ ಎಸಿಟಿಎಚ್ ಕಡಿಮೆ ಅಥವಾ 'ನಾರ್ಮಲ್' ಇದ್ದರೆ ದೋಷ ಪಿಟ್ಯುಟರಿ ಕಡೆ, ಇಲ್ಲವೇ ಹೊರಗಿನ ಸ್ಟೀರಾಯ್ಡ್ ಕಾರಣ.

ಎಸಿಟಿಎಚ್ ಬೇಗ ಕೆಡುವ ಹಾರ್ಮೋನ್. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ ತೆಗೆದು, ಐಸ್‌ನಲ್ಲಿಟ್ಟು ತಕ್ಷಣ ಲ್ಯಾಬ್‌ಗೆ ತಲುಪಿಸಬೇಕು. ಮನೆಯಲ್ಲಿ ರಕ್ತ ತೆಗೆದು, ಸ್ಕೂಟರ್‌ನಲ್ಲಿ ಊರೆಲ್ಲ ಸುತ್ತಿ ತಲುಪಿದ ಸ್ಯಾಂಪಲ್‌ನಲ್ಲಿ ಮಟ್ಟ ಸುಳ್ಳಾಗಿ ಕಡಿಮೆ ಬರಬಹುದು. ಈ ಒಂದು ಪರೀಕ್ಷೆಗೆ ಲ್ಯಾಬ್‌ಗೇ ಹೋಗುವುದು ಉತ್ತಮ.

ಕಾರ್ಟಿಸಾಲ್ ಹೆಚ್ಚಾಗಿದೆ ಎಂಬ ಅನುಮಾನವಿದ್ದರೆ?

ಮುಖ ದುಂಡಗಾಗುವುದು, ಹೊಟ್ಟೆ ದಪ್ಪವಾಗಿ ಕೈಕಾಲು ಸಣಕಲಾಗುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸುಲಭವಾಗಿ ಚರ್ಮ ಕಂದುವುದು, ಕುಳಿತಲ್ಲಿಂದ ಏಳಲು ತೊಡೆಯಲ್ಲಿ ಬಲ ಇಲ್ಲದಿರುವುದು, ಜತೆಗೆ ಬಿಪಿ ಮತ್ತು ಶುಗರ್. ಇದು ಕುಶಿಂಗ್ಸ್ ಸಿಂಡ್ರೋಮ್. ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ 1932ರಲ್ಲಿ ಪಿಟ್ಯುಟರಿಯಿಂದ ಬರುವ ಈ ಕಾಯಿಲೆಯನ್ನು ವಿವರಿಸಿದರು. ಇಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಸ್ಟೀರಾಯ್ಡ್ ಸೇವನೆಯದ್ದೇ.

ಇದಕ್ಕೆ ಬೆಳಗಿನ ಕಾರ್ಟಿಸಾಲ್ ಪ್ರಯೋಜನವಿಲ್ಲ, ಏಕೆಂದರೆ ಬೆಳಗ್ಗೆ ಎಲ್ಲರಲ್ಲೂ ಅದು ಹೆಚ್ಚೇ ಇರುತ್ತದೆ. ಇಳಿಯಬೇಕಾದಾಗ ಇಳಿಯುತ್ತದೆಯೇ ಎಂದು ನೋಡಬೇಕು. ಅದಕ್ಕೆ ಮೂರು ದಾರಿಗಳಿವೆ.

1. ಡೆಕ್ಸಾಮೆಥಾಸೋನ್ ಪರೀಕ್ಷೆ: ರಾತ್ರಿ 11ರಿಂದ 12ರ ನಡುವೆ 1 ಮಿಲಿಗ್ರಾಂ ಮಾತ್ರೆ ನುಂಗಿ, ಮರುದಿನ ಬೆಳಗ್ಗೆ 8ರಿಂದ 9ರೊಳಗೆ ರಕ್ತ ಕೊಡಬೇಕು. ಕಾರ್ಟಿಸಾಲ್ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿದರೆ ನಾರ್ಮಲ್.

2. ತಡರಾತ್ರಿಯ ಜೊಲ್ಲಿನ ಕಾರ್ಟಿಸಾಲ್: ಮಲಗುವ ಹೊತ್ತಿಗೆ ಮನೆಯಲ್ಲೇ ಜೊಲ್ಲಿನ ಸ್ಯಾಂಪಲ್ ತೆಗೆಯಬಹುದು. ಒಂದಕ್ಕಿಂತ ಹೆಚ್ಚು ರಾತ್ರಿ ತೆಗೆಯಬೇಕಾಗುತ್ತದೆ.

3. 24 ಗಂಟೆಗಳ ಮೂತ್ರ: ಮೊದಲ ದಿನ ಬೆಳಗಿನ ಮೂತ್ರ ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೂತ್ರದವರೆಗೆ ಎಲ್ಲವನ್ನೂ ಲ್ಯಾಬ್ ಕೊಟ್ಟ ಕ್ಯಾನ್‌ನಲ್ಲಿ ಸಂಗ್ರಹಿಸಬೇಕು. ಒಮ್ಮೆ ಮರೆತರೂ ಲೆಕ್ಕ ತಪ್ಪುತ್ತದೆ.

ಒಂದೇ ವರದಿ ನೋಡಿ ಕುಶಿಂಗ್ಸ್ ಎಂದು ತೀರ್ಮಾನಿಸುವುದಿಲ್ಲ. ಕನಿಷ್ಠ ಎರಡು ಪರೀಕ್ಷೆಗಳಲ್ಲಿ ಏರುಪೇರು ಕಂಡ ಮೇಲಷ್ಟೇ ಸ್ಕ್ಯಾನ್ ಮಾತು. ಮೊದಲೇ ಸ್ಕ್ಯಾನ್ ಮಾಡಿಸಿದರೆ, ಯಾವ ತೊಂದರೆಯನ್ನೂ ಕೊಡದ ಸಣ್ಣ ಗಡ್ಡೆ ಕಂಡು ಅನಗತ್ಯ ಆತಂಕಕ್ಕೆ ದಾರಿಯಾಗುತ್ತದೆ.

ಬಿಪಿ ಇದ್ದವರಿಗೆ ಬೇರೆ ಪರೀಕ್ಷೆಗಳು

ಚಿಕ್ಕ ವಯಸ್ಸಿನಲ್ಲೇ ಬಿಪಿ, ಮೂರು ಮಾತ್ರೆ ನುಂಗಿದರೂ ಹತೋಟಿಗೆ ಬಾರದ ಬಿಪಿ, ಜತೆಗೆ ಪೊಟ್ಯಾಶಿಯಂ ಕಡಿಮೆ ಇದ್ದರೆ ಆಲ್ಡೋಸ್ಟೆರಾನ್ ಮತ್ತು ರೆನಿನ್ ಅನುಪಾತ ನೋಡುತ್ತಾರೆ. ಆಲ್ಡೋಸ್ಟೆರಾನ್ ಹೆಚ್ಚಾಗಿದ್ದು ರೆನಿನ್ ತಳ ಕಂಡಿದ್ದರೆ ಅಡ್ರಿನಲ್‌ನಿಂದಲೇ ಬಿಪಿ ಬಂದಿದೆ ಎಂಬ ಅನುಮಾನ ಬಲವಾಗುತ್ತದೆ. ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳು ಫಲಿತಾಂಶ ಕೆಡಿಸಬಲ್ಲವು. ಅವನ್ನು ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ಆಗಾಗ ಬಂದುಹೋಗುವ ತಲೆನೋವು, ಬೆವರು, ಎದೆಬಡಿತ ಮತ್ತು ಏಕಾಏಕಿ ಏರುವ ಬಿಪಿ ಒಟ್ಟಿಗೆ ಇದ್ದರೆ ಒಳತಿರುಳಿನ ಗಡ್ಡೆಯ ಶಂಕೆ. ಇದಕ್ಕೆ ರಕ್ತ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟಾನೆಫ್ರಿನ್ ಅಳೆಯುತ್ತಾರೆ. ರಕ್ತ ಕೊಡುವುದಾದರೆ 20ರಿಂದ 30 ನಿಮಿಷ ಮಲಗಿದ ನಂತರವೇ ತೆಗೆಯುವುದು ಸರಿಯಾದ ಕ್ರಮ. ಈ ಗಡ್ಡೆ ಇರುವುದು ಗೊತ್ತಿಲ್ಲದೆ ಬೇರೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು.

ನವಜಾತ ಶಿಶುಗಳಲ್ಲಿ

ಹುಟ್ಟಿನಿಂದಲೇ ಕಾರ್ಟಿಸಾಲ್ ತಯಾರಿಸುವ ಕಿಣ್ವದ ಕೊರತೆ ಇರುವ ಮಕ್ಕಳಿದ್ದಾರೆ. ಹೆಣ್ಣುಮಗುವಾದರೆ ಜನನಾಂಗದ ರಚನೆಯಲ್ಲಿ ವ್ಯತ್ಯಾಸ ಕಾಣುವುದರಿಂದ ಬೇಗ ಗೊತ್ತಾಗುವ ಸಾಧ್ಯತೆ ಇದೆ. ಗಂಡುಮಗು ನೋಡಲು ಸರಿಯಾಗಿಯೇ ಇರುತ್ತದೆ. ಒಂದರಿಂದ ಮೂರು ವಾರದೊಳಗೆ ವಾಂತಿ, ಹಾಲು ಕುಡಿಯದಿರುವುದು, ತೂಕ ಇಳಿಯುವುದು ಶುರುವಾಗಿ ಸ್ಥಿತಿ ಗಂಭೀರವಾಗುತ್ತದೆ. ಹುಟ್ಟಿದ ಎರಡು ದಿನಗಳ ನಂತರ ಹಿಮ್ಮಡಿಯಿಂದ ತೆಗೆಯುವ ಕೆಲವೇ ಹನಿ ರಕ್ತದಲ್ಲಿ 17-ಒಎಚ್‌ಪಿ ಅಳೆದರೆ ಇದನ್ನು ಮೊದಲೇ ಪತ್ತೆ ಮಾಡಬಹುದು. ಭಾರತದಲ್ಲಿ ಈ ಪರೀಕ್ಷೆ ಎಲ್ಲ ಶಿಶುಗಳಿಗೂ ಕಡ್ಡಾಯವಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಪೋಷಕರೇ ಕೇಳಿ ಮಾಡಿಸಿಕೊಳ್ಳಬಹುದು. ಹಿಂದೆ ಕಾರಣ ತಿಳಿಯದೆ ಮಗು ತೀರಿಕೊಂಡ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಟೆಸ್ಟ್‌ಗೆ ಹೋಗುವ ಮುನ್ನ ಹೇಳಬೇಕಾದ ವಿಷಯಗಳು

* ಸ್ಟೀರಾಯ್ಡ್: ಮಾತ್ರೆ, ಇಂಜೆಕ್ಷನ್, ಇನ್‌ಹೇಲರ್, ಕೀಲಿಗೆ ಕೊಟ್ಟ ಸೂಜಿ, ಮುಲಾಮು, ನೋವಿನ ಪುಡಿ ಯಾವುದಾದರೂ ಸರಿ, ಹೇಳಲೇಬೇಕು. ಪ್ರೆಡ್ನಿಸೊಲೋನ್ ಅನ್ನು ಹಲವು ಯಂತ್ರಗಳು ಕಾರ್ಟಿಸಾಲ್ ಎಂದೇ ಎಣಿಸುತ್ತವೆ.

* ಗರ್ಭನಿರೋಧಕ ಮಾತ್ರೆ, ಗರ್ಭಧಾರಣೆ: ಎರಡರಲ್ಲೂ ರಕ್ತದ ಒಟ್ಟು ಕಾರ್ಟಿಸಾಲ್ ಹೆಚ್ಚಾಗಿ ಕಾಣುತ್ತದೆ. ಮಾತ್ರೆ ನಿಲ್ಲಿಸಿ ಸುಮಾರು ಆರು ವಾರ ಕಾಯುವಂತೆ ವೈದ್ಯರು ಹೇಳಬಹುದು.

* ಟಿಬಿ ಮತ್ತು ಮೂರ್ಛೆರೋಗದ ಔಷಧ: ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಸೇವಿಸುವವರಲ್ಲಿ ಡೆಕ್ಸಾಮೆಥಾಸೋನ್ ಬೇಗ ಕರಗಿಹೋಗಿ ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದು.

* ಬಯೋಟಿನ್: ಕೂದಲು ಉದುರುವುದಕ್ಕೆ ನುಂಗುವ ಈ ಮಾತ್ರೆ ಕೆಲವು ಯಂತ್ರಗಳ ಲೆಕ್ಕ ತಪ್ಪಿಸುತ್ತದೆ.

'ಅಡ್ರಿನಲ್ ಫಟೀಗ್' ಇದೆಯೇ?

ಒತ್ತಡದಿಂದ ಅಡ್ರಿನಲ್ ದಣಿದಿದೆ, ಅದಕ್ಕೇ ಸುಸ್ತು ಎಂದು ಹೇಳಿ ಜೊಲ್ಲಿನ ಟೆಸ್ಟ್ ಕಿಟ್ ಮತ್ತು ಸಪ್ಲಿಮೆಂಟ್ ಮಾರುವ ವಿಡಿಯೊಗಳು ಸಾಮಾಜಿಕ ಜಾಲತಾಣಗಳಲ್ಲಿ ಬೇಕಾದಷ್ಟಿವೆ. ವೈದ್ಯಕೀಯದಲ್ಲಿ ಇಂಥದೊಂದು ಕಾಯಿಲೆಗೆ ಮಾನ್ಯತೆ ಇಲ್ಲ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಸಂಶೋಧಕರು 58 ಅಧ್ಯಯನಗಳನ್ನು ಪರಿಶೀಲಿಸಿ, ಇದಕ್ಕೆ ಪುರಾವೆ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಸುಸ್ತು ಮಾತ್ರ ಸುಳ್ಳಲ್ಲ. ಅದಕ್ಕೆ ರಕ್ತಹೀನತೆ, ಥೈರಾಯ್ಡ್, ನಿದ್ರಾಹೀನತೆ, ಖಿನ್ನತೆ ಹೀಗೆ ನಿಜವಾದ ಕಾರಣ ಹುಡುಕಬೇಕು. ಈ ಹೆಸರಿನಲ್ಲಿ ಮಾರುವ ಕೆಲವು ಉತ್ಪನ್ನಗಳಲ್ಲಿ ಸ್ಟೀರಾಯ್ಡ್ ಇದ್ದರೆ ಇಲ್ಲದ ಕಾಯಿಲೆಯೇ ಬಂದುಬಿಡುತ್ತದೆ.

ಸ್ಟೀರಾಯ್ಡ್ ಬಿಡುವಾಗ ಟೆಸ್ಟ್ ಹೇಗೆ ನೆರವಾಗುತ್ತದೆ?

ಮೂರ್ನಾಲ್ಕು ವಾರಕ್ಕಿಂತ ಕಡಿಮೆ ಅವಧಿಗೆ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಸಾಮಾನ್ಯವಾಗಿ ಗ್ರಂಥಿ ಮಂಕಾಗುವ ಭಯವಿಲ್ಲ. ಅದಕ್ಕಿಂತ ಹೆಚ್ಚು ಕಾಲವಾಗಿದ್ದರೆ ವೈದ್ಯರು ಹಂತಹಂತವಾಗಿ ಡೋಸ್ ಇಳಿಸುತ್ತಾರೆ. ಕಡೆಯ ಹಂತದಲ್ಲಿ ಬೆಳಗಿನ ಕಾರ್ಟಿಸಾಲ್ ನೋಡುವುದುಂಟು. 2024ರಲ್ಲಿ ಪ್ರಕಟವಾದ ಯುರೋಪ್ ಮತ್ತು ಅಮೆರಿಕದ ಹಾರ್ಮೋನ್ ತಜ್ಞರ ಜಂಟಿ ಮಾರ್ಗಸೂಚಿಯ ಪ್ರಕಾರ ಅದು 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಚೇತರಿಸಿಕೊಂಡಿದೆ ಎಂದು ಭಾವಿಸಿ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಕಡಿಮೆ ಡೋಸ್ ಮುಂದುವರಿಸಿ ಮತ್ತೆ ನೋಡಬೇಕು. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಕೆಲವು ತಿಂಗಳು ಕಾಯಬೇಕು. ಟೆಸ್ಟ್‌ಗೆಂದು ಹಿಂದಿನ ದಿನದ ಮಾತ್ರೆ ಬಿಡಬೇಕೇ ಎಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ವರದಿಗೆ ಕಾಯಬಾರದ ಸಂದರ್ಭ

ಅಡ್ರಿನಲ್ ಕೊರತೆ ಇರುವವರಿಗೆ ಜ್ವರ, ಭೇದಿ, ಅಪಘಾತ, ಶಸ್ತ್ರಚಿಕಿತ್ಸೆ ಎದುರಾದಾಗ ಹೆಚ್ಚು ಕಾರ್ಟಿಸಾಲ್ ಬೇಕು. ಅದು ಸಿಗದಿದ್ದರೆ 'ಅಡ್ರಿನಲ್ ಕ್ರೈಸಿಸ್' ಉಂಟಾಗುತ್ತದೆ. ನಿಲ್ಲದ ವಾಂತಿ, ಹೊಟ್ಟೆನೋವು, ಬಿಪಿ ಕುಸಿತ, ಗೊಂದಲ, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ರಕ್ತದಲ್ಲಿ ಸೋಡಿಯಂ ಮತ್ತು ಶುಗರ್ ಇಳಿದಿರಬಹುದು, ಗ್ರಂಥಿಯೇ ಹಾಳಾದವರಲ್ಲಿ ಪೊಟ್ಯಾಶಿಯಂ ಏರಿರಬಹುದು. ಫುಡ್ ಪಾಯಿಸನಿಂಗ್ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ.

ಇಂಥ ವೇಳೆ ಕಾರ್ಟಿಸಾಲ್ ವರದಿ ಬರಲಿ ಎಂದು ಕಾಯುವಂತಿಲ್ಲ. ಸಾಧ್ಯವಾದರೆ ರಕ್ತದ ಸ್ಯಾಂಪಲ್ ತೆಗೆದಿಟ್ಟು, ವಯಸ್ಕರಿಗೆ ಕೂಡಲೇ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್ ಕೊಡುವುದು ಚಿಕಿತ್ಸೆ. ರೋಗ ಖಚಿತವಾದವರು ಜ್ವರ ಬಂದಾಗ ಎಷ್ಟು ಮಾತ್ರೆ ಹೆಚ್ಚಿಸಬೇಕು, ವಾಂತಿಯಾದರೆ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು.

ಜತೆಗೆ ಪರ್ಸ್‌ನಲ್ಲಿ ಒಂದು ಕಾರ್ಡ್ ಇಟ್ಟುಕೊಳ್ಳುವುದು ಅಗತ್ಯ. ಅದರಲ್ಲಿ ಹೆಸರು, ಕಾಯಿಲೆ, ಸೇವಿಸುವ ಸ್ಟೀರಾಯ್ಡ್ ಮತ್ತು ಡೋಸ್, ತುರ್ತು ಸಂದರ್ಭದಲ್ಲಿ ಹೈಡ್ರೋಕಾರ್ಟಿಸೋನ್ ಬೇಕು ಎಂಬ ಸೂಚನೆ, ವೈದ್ಯರ ಮತ್ತು ಮನೆಯವರ ಫೋನ್ ನಂಬರ್ ಇರಲಿ. ಬೇರೆ ಭಾಷೆಯ ಊರಿನಲ್ಲಿ ಇರುವವರು ಇದನ್ನು ಇಂಗ್ಲಿಷ್ ಮತ್ತು ಆ ಊರಿನ ಭಾಷೆಯಲ್ಲೂ ಬರೆಸಿಟ್ಟುಕೊಳ್ಳಬೇಕು. ಪ್ರಜ್ಞೆ ಇಲ್ಲದಾಗ ಆಸ್ಪತ್ರೆಯವರಿಗೆ ವಿಷಯ ಹೇಳುವುದು ಆ ಕಾರ್ಡ್ ಮಾತ್ರ.

(ಸೂಚನೆ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇಲ್ಲಿನ ಸಂಖ್ಯೆಗಳು ಲ್ಯಾಬ್ ಮತ್ತು ವಿಧಾನಕ್ಕೆ ತಕ್ಕಂತೆ ಬದಲಾಗುತ್ತವೆ. ಯಾವುದೇ ಔಷಧ ಆರಂಭಿಸುವ, ನಿಲ್ಲಿಸುವ ಮುನ್ನ ವೈದ್ಯರನ್ನು ಸಂಪರ್ಕಿಸಿ.)